ಬಾಸ್ಕೆಟ್‌ಬಾಲ್ ಚಿತ್ರ ಬಿಡಿಸುವವರು ಮೊದಲು ಪಾದ ನೋಡಲಿ

ಮಾನ್ಯ ಸಂಪಾದಕರೇ,

ಬಾಸ್ಕೆಟ್‌ಬಾಲ್ ಹುಚ್ಚಿನ ಜೊತೆಗೆ ಚಿತ್ರ ಬಿಡಿಸುವ ಹವ್ಯಾಸವನ್ನೂ ಹಚ್ಚಿಕೊಂಡವರು ನಮ್ಮ ಕೊಡಗಿನಲ್ಲಿ ಕಡಿಮೆ ಏನಿಲ್ಲ. ಶಾಲೆಗಳ ವಾರ್ಷಿಕ ಸಂಚಿಕೆಗಳಲ್ಲಿ, ಟೂರ್ನಿಯ ಕರಪತ್ರಗಳಲ್ಲಿ, ಅಂಕಣದ ಪಕ್ಕದ ಗೋಡೆಗಳ ಮೇಲೆ ಅವರ ಕೈಕೆಲಸ ಕಾಣುತ್ತದೆ. ಮೈಕೆಲ್ ಜೋರ್ಡನ್, ಕೋಬಿ ಬ್ರಯಂಟ್, ಲೆಬ್ರಾನ್ ಜೇಮ್ಸ್, ಸ್ಟೀಫನ್ ಕರಿ ಇಂಥ ಅಮೆರಿಕದ ಆಟಗಾರರನ್ನೆಲ್ಲ ನೋಡಿದ ಕೂಡಲೇ ಗುರುತು ಸಿಗುವಷ್ಟು ಚೆನ್ನಾಗಿ ಬಿಡಿಸುತ್ತಾರೆ. ಆದರೆ ಮುಖದಿಂದ ಕೆಳಗಿಳಿದರೆ ಆಟ ಮಾಯವಾಗಿರುತ್ತದೆ. ಪಾದ ನೆಲದ ಮೇಲಿದೆಯೋ ಗಾಳಿಯಲ್ಲಿದೆಯೋ ತಿಳಿಯುವುದಿಲ್ಲ. ಚೆಂಡು ಬೀಳಬೇಕಾದ ರಿಂಗ್ ಬಾವಿಯ ಕಟ್ಟೆಯಷ್ಟು ಅಗಲ, ಚೆಂಡು ಕೆಲವೊಮ್ಮೆ ಕೊಡಗಿನ ಕಿತ್ತಳೆಯಷ್ಟು, ಕೆಲವೊಮ್ಮೆ ಕುಂಬಳಕಾಯಿಯಷ್ಟು. ಹತ್ತಾರು ವರ್ಷ ಆಟ ನೋಡಿದವರಿಗೆ ಇದರ ಸರಿ ತಪ್ಪು ಗೊತ್ತಿಲ್ಲ ಅಂತಲ್ಲ. ಕಣ್ಣಿಗೆ ಗೊತ್ತಿರುವುದು ಕೈಗೆ ಇಳಿದಿಲ್ಲ, ಅಷ್ಟೇ. ಅದನ್ನು ಇಳಿಸಿಕೊಳ್ಳುವ ದಾರಿಯ ಬಗ್ಗೆ ಈ ಪತ್ರ.

ಬಾಸ್ಕೆಟ್‌ಬಾಲ್ ಕೈಯ ಆಟ ಎಂದು ದೂರದಿಂದ ನೋಡುವವರು ಅಂದುಕೊಳ್ಳುತ್ತಾರೆ. ಆಡಿದವರಿಗೂ ಆಡಿಸಿದವರಿಗೂ ಗೊತ್ತು, ಇದು ಕಾಲಿನ ಆಟ. ಚೆಂಡು ಹಿಡಿದು ನಿಂತವನು ಒಂದು ಪಾದವನ್ನು ಊರಿಕೊಂಡೇ ತಿರುಗಬೇಕು, ಅದು ಜಾರಿದರೆ ಸೀಟಿ. ಬಲಗೈ ಲೇ-ಅಪ್‌ಗೆ (ಓಡಿ ಬಂದು ನೆಗೆದು ರಿಂಗಿನ ಹತ್ತಿರದಿಂದ ಚೆಂಡು ಹಾಕುವುದಕ್ಕೆ) ಹೋಗುವವನು ಬಲಗಾಲು, ಎಡಗಾಲು ಇಟ್ಟು ಎಡಗಾಲಿನಿಂದ ನೆಗೆಯುತ್ತಾನೆ, ಆಗ ಬಲಮೊಣಕಾಲು ಬಲಗೈಯ ಜೊತೆಗೇ ಮೇಲೇರುತ್ತದೆ. ಇದನ್ನು ಅದಲುಬದಲು ಮಾಡಿ ಬಲಗೈಯಲ್ಲಿ ಚೆಂಡು, ಎಡಮೊಣಕಾಲು ಮೇಲೆ ಎಂದು ಬಿಡಿಸಿದರೆ ಮುಖ ಎಷ್ಟೇ ಹೋಲಲಿ, ಆಡಿ ಗೊತ್ತಿರುವವನಿಗೆ ಆ ಮನುಷ್ಯ ಮುಗ್ಗರಿಸುತ್ತಿರುವಂತೆ ಕಾಣುತ್ತದೆ. ಹಾಗಾಗಿ ಹಾಳೆಯ ಮೇಲೆ ಮೊದಲು ಬರಬೇಕಾದದ್ದು ನೆಲದ ಗೆರೆ. ಆಮೇಲೆ ಎರಡು ಪಾದಗಳು, ಬೆಣೆಯ ಆಕಾರದಲ್ಲಿ, ಯಾವುದರ ಮೇಲೆ ಭಾರ ಬಿದ್ದಿದೆ ಎಂದು ಗೊತ್ತಾಗುವ ಹಾಗೆ. ಆಮೇಲೆ ಸೊಂಟದ ಓರೆ, ಭುಜದ ಓರೆ. ಮುಖ ಎಲ್ಲಕ್ಕಿಂತ ಕೊನೆಗೆ.

ಸಮತೋಲ ಸರಿಯಿದೆಯೇ ಎಂದು ನೋಡಲು ಗಾರೆಯವರ ತೂಕದ ಗುಂಡಿನ ಉಪಾಯವೇ ಸಾಕು. ಕುತ್ತಿಗೆಯ ಗುಳಿಯಿಂದ ನೇರ ಕೆಳಗೆ ಒಂದು ತೆಳು ಗೆರೆ ಎಳೆಯಿರಿ. ಆಟಗಾರ ಫ್ರೀ ಥ್ರೋಗೆ (ಎದುರಾಳಿಯ ತಪ್ಪಿಗೆ ಸಿಗುವ, ಯಾರೂ ತಡೆಯದ ಎಸೆತಕ್ಕೆ) ನಿಂತಿದ್ದರೆ ಅದು ಎರಡು ಪಾದಗಳ ನಡುವೆ ಬೀಳಬೇಕು. ಎದುರಾಳಿಯನ್ನು ದಾಟಿ ನುಗ್ಗುತ್ತಿದ್ದರೆ ಪಾದಗಳಾಚೆ, ಅವನು ಹೊರಟ ದಿಕ್ಕಿಗೇ ಬೀಳಬೇಕು. ನುಗ್ಗುವವನ ಗೆರೆಯೂ ಪಾದಗಳ ನಡುವೆಯೇ ಬಿದ್ದರೆ ಅವನು ಓಡುತ್ತಿಲ್ಲ, ಫೋಟೋಗೆ ನಿಂತಿದ್ದಾನೆ. ನಮ್ಮ ಜಿಲ್ಲೆಯ ಮಕ್ಕಳಿಗೆ ಇನ್ನೊಂದು ತೊಡಕೂ ಇದೆ. ಇಲ್ಲಿ ಕ್ರೀಡಾಚಿತ್ರ ಎಂದರೆ ಮೊದಲು ಕೈ ಪಳಗುವುದು ಹಾಕಿಯಲ್ಲಿ. 1997ರಿಂದ ಕೌಟುಂಬಿಕ ಹಾಕಿ ಹಬ್ಬ ನೋಡುತ್ತ ಬೆಳೆದ ಊರುಗಳು ಇವು, ಅದು ಸಹಜ. ಹಾಕಿಯಲ್ಲಿ ಚೆಂಡು ನೆಲದಲ್ಲಿರುತ್ತದೆ, ಬೆನ್ನು ಬಾಗಿರುತ್ತದೆ, ಕಣ್ಣು ಕೆಳಗಿರುತ್ತದೆ. ಅದೇ ರೂಢಿಯಲ್ಲಿ ಬಾಸ್ಕೆಟ್‌ಬಾಲ್ ಬಿಡಿಸಿದರೆ ಡ್ರಿಬಲ್ ಮಾಡುವವನು, ಅಂದರೆ ಚೆಂಡು ಪುಟಿಸುತ್ತ ಸಾಗುವವನು, ಚೆಂಡನ್ನೇ ನೋಡುತ್ತಿರುತ್ತಾನೆ. ನಿಜವಾದ ಆಟಗಾರ ಮಂಡಿ ಮಡಿಸಿ ಸೊಂಟ ಇಳಿಸುತ್ತಾನೆ, ಬೆನ್ನನ್ನು ಅಷ್ಟು ಬಾಗಿಸುವುದಿಲ್ಲ, ತಲೆ ಎತ್ತಿರುತ್ತಾನೆ. ಚೆಂಡು ಎದುರಾಳಿಯಿಂದ ದೂರದ ಕೈಯಲ್ಲಿ, ಅಂಗೈಗೆ ತಾಗದೆ ಬೆರಳ ತುದಿಗಳಲ್ಲಿ ಇರುತ್ತದೆ. ಇನ್ನೊಂದು ತೋಳು ಬೇಲಿಯಂತೆ ಅಡ್ಡ ಇರುತ್ತದೆ.

ಅಳತೆಗೆ ಬರೋಣ. ಬಾಸ್ಕೆಟ್‌ಬಾಲ್ ಚಿತ್ರಕ್ಕೆ ಬೇರೆ ಅಳತೆಪಟ್ಟಿ ಬೇಡ, ಚೆಂಡೇ ಅಳತೆಪಟ್ಟಿ. ಪುರುಷರ 7ನೇ ನಂಬರಿನ ಚೆಂಡಿನ ಸುತ್ತಳತೆ 75ರಿಂದ 77 ಸೆಂ.ಮೀ., ಅಂದರೆ ಅಡ್ಡಳತೆ ಸುಮಾರು 24 ಸೆಂ.ಮೀ. ಎತ್ತರದ ಆಟಗಾರನ ತಲೆಯೂ ನೆತ್ತಿಯಿಂದ ಗಲ್ಲದವರೆಗೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹೀಗಾಗಿ ಒಂದು ತಲೆಗೆ ಒಂದು ಚೆಂಡು. 198 ಸೆಂ.ಮೀ. ಎತ್ತರದ ಜೋರ್ಡನ್ ಎಂಟೂಕಾಲು ಚೆಂಡು. 160 ಸೆಂ.ಮೀ. ಎತ್ತರದ ಹೈಸ್ಕೂಲ್ ಹುಡುಗಿ, ಮಹಿಳೆಯರ 6ನೇ ನಂಬರಿನ ಚೆಂಡಿನಲ್ಲಿ ಅಳೆದರೆ, ಸುಮಾರು ಏಳು ಚೆಂಡು. ರಿಂಗಿನ ಎತ್ತರ 3.05 ಮೀಟರ್, ಹನ್ನೆರಡೂಮುಕ್ಕಾಲು ಚೆಂಡು. ರಿಂಗಿನ ಒಳ ಅಗಲ 45 ಸೆಂ.ಮೀ., ಎರಡು ಚೆಂಡಿಗಿಂತ ಸ್ವಲ್ಪ ಕಡಿಮೆ. ರಿಂಗಿನ ಹಿಂದಿನ ಬೋರ್ಡ್ 180 ಸೆಂ.ಮೀ. ಅಗಲ, 105 ಸೆಂ.ಮೀ. ಎತ್ತರ. ಅಂದರೆ ರಿಂಗಿನ ಅಗಲ ಬೋರ್ಡಿನ ಕಾಲು ಭಾಗ ಮಾತ್ರ. ಗೋಡೆ ಚಿತ್ರಗಳಲ್ಲಿ ಇದು ಅರ್ಧಕ್ಕೆ ಹೋಗಿರುವುದೇ ಹೆಚ್ಚು. ರಿಂಗ್ ಇರುವುದು ಬೋರ್ಡಿನ ಕೆಳ ಅಂಚಿನಿಂದ 15 ಸೆಂ.ಮೀ. ಮೇಲೆ, ಬೋರ್ಡಿನ ಮುಖದಿಂದ 15 ಸೆಂ.ಮೀ. ಮುಂದೆ. ಎ3 ಹಾಳೆಯನ್ನು ಉದ್ದಕ್ಕೆ ಹಿಡಿದು ಚೆಂಡನ್ನು 2 ಸೆಂ.ಮೀ. ಮಾಡಿಕೊಂಡರೆ ಲೆಕ್ಕ ಚೆನ್ನಾಗಿ ಕೂರುತ್ತದೆ. ನೆಲದಿಂದ ರಿಂಗಿಗೆ ಸುಮಾರು 25 ಸೆಂ.ಮೀ., ಬೋರ್ಡಿನ ತುದಿಗೆ 33 ಸೆಂ.ಮೀ., ಪಕ್ಕದಲ್ಲಿ ನಿಂತ ಜೋರ್ಡನ್ 16.5 ಸೆಂ.ಮೀ. ಮೇಲೂ ಕೆಳಗೂ ಗಾಳಿಯಾಡಲು ಜಾಗ ಉಳಿಯುತ್ತದೆ.

ಡಂಕ್ (ನೆಗೆದು ಚೆಂಡನ್ನು ಕೈಯಿಂದಲೇ ರಿಂಗಿನೊಳಗೆ ತುರುಕುವುದು) ಚಿತ್ರದಲ್ಲಿ ಈ ಲೆಕ್ಕ ಬಿಟ್ಟವರು ಸಿಕ್ಕಿಬೀಳುತ್ತಾರೆ. 198 ಸೆಂ.ಮೀ. ಮನುಷ್ಯ ಕೈ ಮೇಲೆತ್ತಿದರೆ ಬೆರಳ ತುದಿ ಸುಮಾರು 260 ಸೆಂ.ಮೀ. ಮುಟ್ಟುತ್ತದೆ. ರಿಂಗಿಗೆ ಇನ್ನೂ 45 ಸೆಂ.ಮೀ. ಬಾಕಿ, ಅದರ ಮೇಲೆ ಅಂಗೈಯೂ ಹೋಗಬೇಕು. ಹಾಗಾದರೆ ಪಾದ ನೆಲ ಬಿಟ್ಟು ಕನಿಷ್ಠ ಎರಡೂವರೆ ಚೆಂಡಿನಷ್ಟು ಮೇಲಿರಲೇಬೇಕು. ಇದನ್ನು ತೋರಿಸಲು ಕಾಲನ್ನು ಎಳೆದು ಉದ್ದ ಮಾಡುವುದಲ್ಲ, ನೆರಳನ್ನು ಬಿಡಿಸಬೇಕು. ನೆಲದ ಮೇಲಿರುವ ಪಾದಕ್ಕೆ ನೆರಳು ಅಂಟಿಕೊಂಡಿರುತ್ತದೆ, ಅಲ್ಲಿ ಅದು ಕಡುಕಪ್ಪು. ನೆಗೆದವನ ನೆರಳು ಪಾದದಿಂದ ಕಳಚಿಕೊಂಡು ನೆಲದಲ್ಲೇ ಉಳಿಯುತ್ತದೆ, ಅಂಚು ಮಸುಕಾಗುತ್ತದೆ. ನೆರಳಿಗೂ ಪಾದಕ್ಕೂ ನಡುವಿನ ಖಾಲಿ ಜಾಗವೇ ನೆಗೆತದ ಎತ್ತರ. ಮಳೆ ನಿಂತ ಮೇಲೆ ನಮ್ಮ ಕಾಂಕ್ರೀಟ್ ಅಂಕಣಗಳಲ್ಲಿ ಇನ್ನೊಂದು ಅನುಕೂಲ ಒದಗಿ ಬರುತ್ತದೆ. ನೀರು ನಿಂತ ನೆಲದಲ್ಲಿ ಆಟಗಾರ ತಲೆಕೆಳಗಾಗಿ ಕಾಣುತ್ತಾನೆ. ಅವನು ನೆಲದಿಂದ ಎಷ್ಟು ಮೇಲಿದ್ದಾನೋ ಪ್ರತಿಬಿಂಬ ನೆಲದಿಂದ ಅಷ್ಟೇ ಕೆಳಗೆ ಇರುತ್ತದೆ, ಪಾದದಿಂದ ಶುರುವಾಗುವುದಿಲ್ಲ.

ರಿಂಗ್ ಬಿಡಿಸುವಾಗ ಆಗುವ ತಪ್ಪು ಇನ್ನೂ ಸೂಕ್ಷ್ಮ. ಬಹಳ ಮಂದಿ ಅದನ್ನು ಮೇಲಿನಿಂದ ಇಣುಕಿದ ಹಾಗೆ, ಬಾಣಲೆಯಂತೆ ಬಿಡಿಸುತ್ತಾರೆ. ಅಂಕಣದ ಬದಿಯಲ್ಲಿ ನಿಂತವನ ಕಣ್ಣು ಇರುವುದು ಒಂದೂವರೆ ಮೀಟರ್ ಎತ್ತರದಲ್ಲಿ, ರಿಂಗ್ ಅದಕ್ಕಿಂತ ಅಷ್ಟೇ ಮೇಲೆ. ಅವನು ನೋಡುವುದು ರಿಂಗಿನ ತಳವನ್ನು. ಹಾಗೆ ನೋಡಿದಾಗ ನಮಗೆ ಹತ್ತಿರದ ಅಂಚು ಹಾಳೆಯ ಮೇಲೆ ಮೇಲಕ್ಕೆ ಬರುತ್ತದೆ, ದೂರದ ಅಂಚು ಕೆಳಕ್ಕೆ. ಬಲೆಯ ಮುಂದಿನ ದಾರಗಳು ಮೇಲಿನ ಕಮಾನಿನಿಂದ ಇಳಿದು ಹಿಂದಿನವನ್ನು ಮುಚ್ಚುತ್ತವೆ. ಇದೊಂದು ತಿದ್ದಿಕೊಂಡರೆ ಇಡೀ ಚಿತ್ರ ಸೆಟೆದು ನಿಲ್ಲುತ್ತದೆ. ಎಷ್ಟು ಚಪ್ಪಟೆ ಮಾಡಬೇಕು ಎಂಬುದಕ್ಕೂ ಲೆಕ್ಕ ಇದೆ. 6 ಮೀಟರ್ ದೂರದಿಂದ ನೋಡಿದರೆ ರಿಂಗಿನ ಎತ್ತರ ಅದರ ಅಗಲದ ಕಾಲು ಭಾಗದಷ್ಟು ಕಾಣುತ್ತದೆ. 15 ಮೀಟರ್‌ನಿಂದ ಹತ್ತನೇ ಒಂದು ಭಾಗ, ಹೆಚ್ಚುಕಡಿಮೆ ಒಂದು ದಪ್ಪ ಗೆರೆ. ಬಲೆ ಕಟ್ಟುವ ಕೊಕ್ಕೆಗಳು ಹನ್ನೆರಡು, ಬಲೆಯ ಉದ್ದ 40ರಿಂದ 45 ಸೆಂ.ಮೀ. ಕಂಬವನ್ನು ಬೋರ್ಡಿನ ನೇರ ಕೆಳಗೆ ನೆಡಬೇಡಿ. ಬೋರ್ಡ್ ಅಂಕಣದ ಕೊನೆಯ ಗೆರೆಯಿಂದ 1.2 ಮೀಟರ್ ಒಳಗೆ ತೂಗುತ್ತದೆ, ಕಂಬ ಗೆರೆಯ ಹೊರಗೆ ನಿಂತು ತೋಳು ಚಾಚಿ ಹಿಡಿದಿರುತ್ತದೆ. ಆ ತೋಳು ಇಲ್ಲದ ಚಿತ್ರದಲ್ಲಿ ಲೇ-ಅಪ್‌ಗೆ ಬಂದವನು ಕಂಬಕ್ಕೆ ಹಣೆ ಬಡಿದುಕೊಳ್ಳುತ್ತಾನೆ.

ಕಣ್ಣಿನ ಮಟ್ಟದ ಗೆರೆಯಿಂದ ಮತ್ತೊಂದು ಕೆಲಸವೂ ಆಗುತ್ತದೆ. ನೀವು ನಿಂತು ನೋಡುತ್ತಿದ್ದೀರಿ ಎಂದಾದರೆ, ಅಂಕಣದಲ್ಲಿ ನಿಂತಿರುವ ಪ್ರತಿಯೊಬ್ಬ ಆಟಗಾರನನ್ನೂ ಆ ಗೆರೆ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲೇ ಕತ್ತರಿಸಬೇಕು, ಹತ್ತಿರದವನಾಗಲಿ ದೂರದವನಾಗಲಿ. ಎಲ್ಲರ ಎದೆಯೂ ಹೆಚ್ಚುಕಡಿಮೆ ಒಂದೇ ದಾರದಲ್ಲಿ ಪೋಣಿಸಿದಂತೆ. ದೂರದವರನ್ನು ಚಿಕ್ಕದಾಗಿ ಬಿಡಿಸಿ ಹಾಳೆಯಲ್ಲಿ ಎಲ್ಲೆಂದರಲ್ಲಿ ಇಟ್ಟರೆ ಅವರು ಗುಂಡಿಯಲ್ಲಿ ನಿಂತಂತೆ ಕಾಣುವುದು ಈ ಕಾರಣಕ್ಕೆ. ಮಡಿಕೇರಿಯ ಕಡೆ ಮಂಜು ಇಳಿದ ಬೆಳಿಗ್ಗೆ ಬಿಡಿಸುವವರಿಗೆ ದೂರ ತೋರಿಸುವುದು ಇನ್ನೂ ಸುಲಭ. ಮುಂದಿನವನಿಗೆ ಕಡುಕಪ್ಪಿನ 4ಬಿ ಪೆನ್ಸಿಲ್, ನಡುವಿನವರಿಗೆ ಎಚ್‌ಬಿ, ಆಚೆ ಬದಿಯ ಬೋರ್ಡಿಗೆ ತಿಳಿಯಾದ 2ಎಚ್.

ಇನ್ನು ಚೆಂಡು. ಹಳೆಯ ಎಂಟು ಫಲಕದ ಚೆಂಡನ್ನು ಎದುರಿನಿಂದ ನೋಡಿ. ನಡುವೆ ಒಂದಕ್ಕೊಂದು ಅಡ್ಡ ಹಾಯುವ ಎರಡು ಗೆರೆ, ಎರಡು ಬದಿಗೆ ಎರಡು ಕಮಾನು. ಆ ಕಮಾನುಗಳ ಉಬ್ಬು ಒಳಗೆ, ನಡುಗೆರೆಯ ಕಡೆಗೆ ಇರುತ್ತದೆ. ಉಬ್ಬನ್ನು ಹೊರಗೆ ಮಾಡಿದರೆ ಅದು ಪಟ್ಟೆ ಕಲ್ಲಂಗಡಿ. ಎರಡನೆಯ ತಪ್ಪು, ಅಡ್ಡ ಗೆರೆಗಳ ಸಂಧಿಯನ್ನು ಯಾವಾಗಲೂ ವೃತ್ತದ ನಟ್ಟನಡುವೆ ಇಡುವುದು. ಸಂಧಿಯನ್ನು ಒಂದು ಪಕ್ಕಕ್ಕೆ, ಅಡ್ಡಳತೆಯ ಮೂರನೇ ಒಂದು ಭಾಗದಷ್ಟು ಸರಿಸಿ, ಎರಡೂ ಗೆರೆಗಳನ್ನು ಅಂಚಿನ ಕಡೆಗೆ ಬಾಗಿಸಿದರೆ ಬಿಲ್ಲೆ ಹೋಗಿ ಗುಂಡು ಬರುತ್ತದೆ. ಗೆರೆಯ ಅಗಲ ಚೆಂಡಿನ ನಲವತ್ತನೇ ಒಂದು ಭಾಗ. 2 ಸೆಂ.ಮೀ. ಚೆಂಡಿಗೆ ಅರ್ಧ ಮಿಲಿಮೀಟರ್, 0.5 ಪೆನ್ನಿನ ಒಂದೇ ಎಳೆತ. ಮೇಲ್ಮೈಯ ಹರಳುಗಳನ್ನು ಚೆಂಡಿನ ತುಂಬ ಚುಕ್ಕಿ ಹಾಕಿ ತೋರಿಸುವವರಿದ್ದಾರೆ, ಅದರಿಂದ ಚೆಂಡು ಸಿಡುಬು ಬಂದಂತೆ ಆಗುತ್ತದೆ. ಹರಳು ಕಾಣುವುದು ಬೆಳಕು ಮುಗಿದು ನೆರಳು ಶುರುವಾಗುವ ಪಟ್ಟಿಯಲ್ಲಿ ಮಾತ್ರ. ಹೊಳೆಯುವ ಜಾಗದಲ್ಲೂ ಬೇಡ, ಕತ್ತಲೆಯಲ್ಲೂ ಬೇಡ. ಗಾಳಿಯಲ್ಲಿ ತಿರುಗುತ್ತಿರುವ ಚೆಂಡಾದರೆ ಒಣಗುವ ಮೊದಲು ಒದ್ದೆ ಬ್ರಷ್‌ನಿಂದ ಗೆರೆಗಳನ್ನು ಒಮ್ಮೆ ಸವರಿ.

ಚೆಂಡು ಹೋಗುವ ದಾರಿಯನ್ನು ತೋರಿಸುವವರು ಅದನ್ನು ಚಪ್ಪಟೆ ಮಾಡಬಾರದು. 45 ಸೆಂ.ಮೀ. ರಿಂಗಿಗೆ 24 ಸೆಂ.ಮೀ. ಚೆಂಡು ಓರೆಯಾಗಿ ಬಂದಾಗ, ಸುಮಾರು 32 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಅದು ಅಂಚಿಗೆ ತಾಗದೆ ಒಳಗೆ ಹೋಗುವುದೇ ಇಲ್ಲ. ಒಳ್ಳೆಯ ಶೂಟರನ ಚೆಂಡು ಇದಕ್ಕಿಂತ ಬಹಳ ಕಡಿದಾಗಿ ಇಳಿಯುತ್ತದೆ. ಬಿಟ್ಟ ಮೇಲೆ ಕೈ ಹೇಗಿರುತ್ತದೆ ಎಂಬುದೂ ಮುಖ್ಯ. ಮಣಿಕಟ್ಟು ಮುಂದಕ್ಕೆ ಮುರಿದು ಬೆರಳುಗಳು ನೆಲ ನೋಡುತ್ತಿರುತ್ತವೆ, ಮೊಣಕೈ ಕಣ್ಣಿನ ಮಟ್ಟಕ್ಕಿಂತ ಮೇಲಿರುತ್ತದೆ. ಆಸರೆ ಕೊಟ್ಟ ಇನ್ನೊಂದು ಕೈ ಚೆಂಡಿನ ಪಕ್ಕದಲ್ಲಿದ್ದಂತೆಯೇ ಚಪ್ಪಟೆಯಾಗಿ ನಿಂತಿರುತ್ತದೆ.

ಇಷ್ಟದ ಆಟಗಾರರನ್ನು ಗುರುತಿಸುವಂತೆ ಮಾಡುವುದೂ ಇಂಥ ಸಂಗತಿಗಳೇ. ಕರೀಂ ಅಬ್ದುಲ್ ಜಬ್ಬಾರ್ ಅವರ ಸ್ಕೈಹುಕ್ ಎಂಬ ಎಸೆತ ತೆಗೆದುಕೊಳ್ಳಿ. ದೇಹ ರಿಂಗಿಗೆ ಪಕ್ಕವಾಗಿದೆ, ಎಡಗಾಲಿನಿಂದ ನೆಗೆತ, ಬಲಮಂಡಿ ಮೇಲೆ, ಬಲತೋಳು ಕಿವಿಗೆ ತಾಗುವಂತೆ ನೆಟ್ಟಗೆ, ಚೆಂಡು ಕೊನೆಯ ಬೆರಳುಗಳಲ್ಲಿ. 218 ಸೆಂ.ಮೀ. ಎತ್ತರದ ಮನುಷ್ಯ. ಕನ್ನಡಕ, 33ನೇ ನಂಬರ್ ಬಿಡಿಸದೆಯೂ ಗುರುತು ಸಿಗುತ್ತದೆ. ಸ್ಟೀಫನ್ ಕರಿ ಹಾಗಲ್ಲ. 188 ಸೆಂ.ಮೀ. ಎತ್ತರದ ಅವರು ಮಂಡಿಯಿಂದ ಶುರುವಾದ ಚಲನೆಯನ್ನು ನಡುವೆ ಎಲ್ಲೂ ನಿಲ್ಲಿಸದೆ ಬೆರಳಿನ ತುದಿಗೆ ಒಯ್ಯುತ್ತಾರೆ. ಅವರನ್ನು ನೆಗೆತದ ತುತ್ತತುದಿಯಲ್ಲಿ ಬಿಡಿಸಿದರೆ ಬೇರೆ ಯಾರೋ ಆಗುತ್ತಾರೆ. ಏರುತ್ತಿರುವಾಗಲೇ ಚೆಂಡು ಬಿಡಬೇಕು.

ವಿಲ್ಟ್ ಚೇಂಬರ್ಲೇನ್ 1962ರ ಮಾರ್ಚ್ 2ರಂದು ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ ಹೊಡೆದ 100 ಅಂಕಗಳ ಆಟ ಬಿಡಿಸುವವರಿಗೆ ದೊಡ್ಡ ಪರೀಕ್ಷೆ. ಅದರ ವಿಡಿಯೋ ಇಲ್ಲ. ಬಹುತೇಕರು ಆಟ ಮುಗಿದ ಮೇಲೆ ಅವರು 100 ಎಂದು ಬರೆದ ಚೀಟಿ ಹಿಡಿದು ಕುಳಿತ ಫೋಟೋವನ್ನೇ ನಕಲು ಮಾಡುತ್ತಾರೆ. ಆದರೆ ಆ ರಾತ್ರಿ ಅವರು 32 ಫ್ರೀ ಥ್ರೋಗಳಲ್ಲಿ 28 ಹಾಕಿದರು, ಅದೂ ಆ ಋತುವಿನಲ್ಲಿ ರೂಢಿ ಮಾಡಿಕೊಂಡಿದ್ದ ಕೆಳಗೈ ಎಸೆತದಲ್ಲಿ. ಕಾಲು ಅಗಲಿಸಿ, ಮಂಡಿ ಮಡಿಸಿ, ಚೆಂಡನ್ನು ಎರಡೂ ಕೈಗಳಿಂದ ಮೊಣಕಾಲುಗಳ ನಡುವೆ ತೂಗಿ ಎತ್ತುವ ಏಳಡಿಯ ಮನುಷ್ಯ, 13ನೇ ನಂಬರಿನ ಜೆರ್ಸಿ. ಚೀಟಿಯ ಚಿತ್ರಕ್ಕಿಂತ ಈ ಚಿತ್ರ ಆ ರಾತ್ರಿಯ ಬಗ್ಗೆ ಹೆಚ್ಚು ಹೇಳುತ್ತದೆ.

ಜೋರ್ಡನ್ ಅವರ 1998ರ ಜೂನ್ 14ರ ಎಸೆತಕ್ಕೂ ಇದೇ ಮಾತು. ಯೂಟಾ ತಂಡದ ವಿರುದ್ಧ ಫೈನಲ್ ಸರಣಿಯ ಆರನೇ ಪಂದ್ಯ, 5.2 ಸೆಕೆಂಡ್ ಉಳಿದಿದೆ, ಸ್ಕೋರ್ 87–86. ಎಲ್ಲರೂ ಬಿಡಿಸುವುದು ಆ ಎತ್ತಿದ ಕೈಯನ್ನು. ಎಸೆಯಲು ಜಾಗ ಸಿಕ್ಕಿದ್ದು ಅವರನ್ನು ತಡೆಯುತ್ತಿದ್ದ ಬ್ರಯನ್ ರಸಲ್ ಅವರ ಕಾಲು ಜಾರಿದಾಗ. ಜಾರಿದ ಆ ಪಾದ, ನೆಲಕ್ಕೆ ಊರಿದ ಕೈ ಚಿತ್ರದಲ್ಲಿ ಇಲ್ಲದಿದ್ದರೆ ಅದು ಯಾವ ಆಟದ ಯಾವ ಎಸೆತವೂ ಆಗಬಹುದು. ಹಿಂದಿನ ಸಾವಿರಾರು ಪ್ರೇಕ್ಷಕರ ಮುಖ ಬಿಡಿಸಲು ಹೋಗಬೇಡಿ. ಮೂರು ಹಂತದ ಬೂದು ಬಣ್ಣದ ಪಟ್ಟಿ ಹಚ್ಚಿ, ಅದರಲ್ಲಿ ಹತ್ತಿಪ್ಪತ್ತು ತಲೆಗಳ ಅಂಚು ತೋರಿಸಿದರೆ ಸಾಕು.

ಚಿತ್ರ ಮುಗಿಯುವ ಮೊದಲು ಒಂದು ಪರೀಕ್ಷೆ ಮಾಡಿ. ಟ್ರೇಸಿಂಗ್ ಹಾಳೆ ಇಟ್ಟು ಇಡೀ ಆಕೃತಿಯನ್ನು ಕಪ್ಪಾಗಿ ತುಂಬಿ. ಆ ಕಪ್ಪು ಆಕಾರ ಒಂದರಿಂದಲೇ ಆಟಗಾರ ಏನು ಮಾಡುತ್ತಿದ್ದಾನೆ ಎಂದು ಗೊತ್ತಾಗಬೇಕು. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಲಾಂಛನ 1969ರಿಂದ ನಿಂತಿರುವುದು ಇದೇ ಬಲದ ಮೇಲೆ. ಅಲನ್ ಸೀಗಲ್ ಅದನ್ನು ರೂಪಿಸಿದ್ದು ಜೆರ್ರಿ ವೆಸ್ಟ್ ಅವರ ಫೋಟೋದಿಂದ, ಅದರಲ್ಲಿ ಕಣ್ಣು ಮೂಗು ಏನೂ ಇಲ್ಲ. ತೋಳು ಎದೆಯ ಮುಂದೆ ಮಡಿಸಿ ಅಡಗಿಹೋದರೆ, ಚೆಂಡು ಹೊಟ್ಟೆಯ ಮುಂದೆ ಬಂದರೆ ಕಪ್ಪು ಆಕಾರ ಮೂಟೆಯಾಗುತ್ತದೆ. ಆಗ ನೋಡುವ ಕೋನವನ್ನೇ ಬದಲಿಸಬೇಕು.

ಫೋಟೋ ನಕಲಿನ ಬಗ್ಗೆ ಸ್ಪಷ್ಟವಾಗಿ ಹೇಳಬೇಕಾದದ್ದಿದೆ, ಏಕೆಂದರೆ ಈಗ ಟೀ ಶರ್ಟ್, ಪೋಸ್ಟರ್ ಮಾಡಿ ಮಾರುವವರೂ ಇದ್ದಾರೆ. ಜೋರ್ಡನ್ ಕಾಲು ಚಾಚಿ ಹಾರುವ ಪ್ರಸಿದ್ಧ ಕಪ್ಪು ಆಕೃತಿ ಗೋಡೆ ಗೋಡೆಯ ಮೇಲೂ ಇದೆ. ಅದರ ಹಿಂದೆ ಎರಡು ಫೋಟೋಗಳ ಕಥೆಯಿದೆ. 1984ರಲ್ಲಿ ಕೋ ರೆಂಟ್‌ಮೀಸ್ಟರ್ ಎಂಬ ಛಾಯಾಗ್ರಾಹಕರು ಲೈಫ್ ಪತ್ರಿಕೆಗಾಗಿ ಜೋರ್ಡನ್ ಅವರನ್ನು ಬ್ಯಾಲೆ ನೃತ್ಯದ ನೆಗೆತದಂತೆ ಹಾರಿಸಿ ತೆಗೆದ ಫೋಟೋ ಮೊದಲನೆಯದು. ಅದೇ ಭಂಗಿಯಲ್ಲಿ ಶೂ ಕಂಪನಿ ನೈಕಿ ಆಮೇಲೆ ತೆಗೆಸಿದ್ದು ಎರಡನೆಯದು, ಲಾಂಛನ ಬಂದದ್ದು ಅದರಿಂದ. ಎರಡೂ ಪಂದ್ಯದ ಫೋಟೋಗಳಲ್ಲ, ಓಡಿ ಬಂದು ಡಂಕ್ ಮಾಡುವವನ ಕಾಲು ಹಾಗೆ ಕತ್ತರಿಯಾಗುವುದೂ ಇಲ್ಲ. ಛಾಯಾಗ್ರಾಹಕರು 2015ರಲ್ಲಿ ಮೊಕದ್ದಮೆ ಹೂಡಿದರು. 2018ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ನೈಕಿಯ ಪರ ತೀರ್ಪು ಕೊಟ್ಟಿತು. ಭಂಗಿಯ ಕಲ್ಪನೆ ಯಾರ ಸ್ವತ್ತೂ ಅಲ್ಲ, ಆದರೆ ಕೋನ, ಬೆಳಕು, ಹಿನ್ನೆಲೆ ಇವನ್ನೆಲ್ಲ ಆಯ್ದು ಕೂಡಿಸಿದ ನಿರ್ದಿಷ್ಟ ಫೋಟೋಗೆ ರಕ್ಷಣೆಯಿದೆ ಎಂಬುದು ಅದರ ಸಾರ. ಚಿತ್ರಕಾರರು ಇದರಿಂದ ತೆಗೆದುಕೊಳ್ಳಬೇಕಾದ ಪಾಠ ನೇರವಾಗಿದೆ. ಒಂದೇ ಫೋಟೋವನ್ನು ಗೆರೆಗೆ ಗೆರೆ ಇಳಿಸಿ ಮಾರಬೇಡಿ. ಅದೇ ಎಸೆತವನ್ನು ಮೂರು ನಾಲ್ಕು ವಿಡಿಯೋಗಳಲ್ಲಿ, ಬೇರೆ ಬೇರೆ ಕೋನದಿಂದ, ನಿಲ್ಲಿಸಿ ನಿಲ್ಲಿಸಿ ನೋಡಿ. ಹತ್ತು ಸಣ್ಣ ಕರಡು ಹಾಕಿ, ಆಮೇಲೆ ವಿಡಿಯೋ ಮುಚ್ಚಿ ನೀವು ಆರಿಸಿದ ಜಾಗದಿಂದ ಬಿಡಿಸಿ. ತಂಡದ ಲಾಂಛನ ಹಾಕಿ ಮಾರುವುದು ಬೇರೆಯದೇ ತಕರಾರು, ಮಾರಾಟಕ್ಕಾದರೆ ಅದನ್ನು ಬಿಡುವುದೇ ಒಳ್ಳೆಯದು.

ಕಪ್ಪು ವರ್ಣದ ಆಟಗಾರರಿಗೆ ಕಪ್ಪು ಬಣ್ಣ ಬಳಿಯುವುದು ಇನ್ನೂ ನಿಂತಿಲ್ಲ. ಟ್ಯೂಬಿನ ಕಪ್ಪು ಚರ್ಮವನ್ನು ಮಸಿಯಾಗಿಸುತ್ತದೆ, ಜೀವ ಹೋಗುತ್ತದೆ. ಜಲವರ್ಣದಲ್ಲಿ ಮೊದಲ ತೆಳು ಲೇಪ ಯೆಲ್ಲೊ ಓಕರ್‌ಗೆ ಬರ್ಂಟ್ ಸಿಯೆನ್ನಾ ಬೆರೆಸಿದ್ದು. ಅದು ಪೂರ್ತಿ ಒಣಗಿದ ಮೇಲೆ ಬರ್ಂಟ್ ಅಂಬರ್. ನೆರಳಿಗೆ ಬರ್ಂಟ್ ಅಂಬರ್ ಎರಡು ಪಾಲು, ಅಲ್ಟ್ರಾಮರೀನ್ ನೀಲಿ ಒಂದು ಪಾಲು. ಒಳಾಂಗಣದ ದೀಪಗಳು ಬೆವರಿದ ಭುಜ, ಹಣೆ, ಮೂಗಿನ ಮೇಲೆ ತಣ್ಣನೆಯ ನೀಲಿ ಹೊಳಪು ಮೂಡಿಸುತ್ತವೆ. ಅಲ್ಲಿ ಹಾಳೆಯ ಬಿಳಿಯನ್ನು ಮೊದಲೇ ಉಳಿಸಿಕೊಂಡು ಕೊನೆಗೆ ನೀರಾದ ನೀಲಿ ತಾಗಿಸಬೇಕು. ಅಂಗೈ, ಬೆರಳಿನ ಒಳಬದಿ ತಿಳಿಯಾಗಿರುತ್ತದೆ. ಎಸೆತದ ಚಿತ್ರದಲ್ಲಿ ಅದು ಎದ್ದು ಕಾಣುವ ಜಾಗ, ಮರೆಯಬಾರದು.

ಪಂದ್ಯದ ಬದಿಯಲ್ಲಿ ಕೂತು ಬಿಡಿಸುವವರಿಗೆ ಒಳ್ಳೆಯ ಜಾಗ ಕೊನೆಯ ಗೆರೆಯ ಮೂಲೆ. ನುಗ್ಗಿ ಬರುವ ಆಟವೆಲ್ಲ ನಿಮ್ಮ ಕಡೆಗೇ ಬರುತ್ತದೆ. ಆಟಗಾರರು ಓಡುವಾಗ ಒಂದೊಂದು ಆಕೃತಿಗೆ ಇಪ್ಪತ್ತು ಮೂವತ್ತು ಸೆಕೆಂಡ್, ರಬ್ಬರ್ ಮುಟ್ಟಬಾರದು. ವಿವರಕ್ಕೆ ಫ್ರೀ ಥ್ರೋ ಕಾಯಿರಿ. ಎಸೆಯುವವನಿಗೆ 5 ಸೆಕೆಂಡ್ ಇದೆ, ಪಕ್ಕದ ಗೆರೆಗಳಲ್ಲಿ ರಕ್ಷಣೆಯ ಮೂವರು, ಎಸೆಯುವ ತಂಡದ ಇಬ್ಬರು ಅಲುಗದೆ ನಿಂತಿರುತ್ತಾರೆ, ಎರಡು ಮೂರು ಎಸೆತಕ್ಕೆ ಅದೇ ನಿಲುವು ಮರಳಿ ಬರುತ್ತದೆ. ಟೈಮ್ ಔಟ್‌ನ ಒಂದು ನಿಮಿಷದಲ್ಲಿ ಬೆಂಚಿನ ಮೇಲಿನ ಶೂ, ಮಂಡಿಯ ಪಟ್ಟಿ, ಜೆರ್ಸಿಯ ಮಡಿಕೆ ನೋಡಿಕೊಳ್ಳಬಹುದು. ಅಮೆರಿಕದ ಆಟಗಳೇ ಬೇಕೆಂದಿಲ್ಲ. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ನಮ್ಮ ಮಹಿಳಾ ತಂಡ ಏಷ್ಯಾ ಕಪ್ ಬಿ ವಿಭಾಗದ ಫೈನಲ್‌ನಲ್ಲಿ ಕಜಕಿಸ್ತಾನವನ್ನು 75–73ರಿಂದ ಸೋಲಿಸಿತು. ಎರಡು ಅಂಕಗಳ ಗೆಲುವು, ನಮ್ಮದೇ ರಾಜ್ಯದ ಅಂಕಣ. ಅದನ್ನು ಬಿಡಿಸಿದವರು ಕಾಣುವುದೇ ಅಪರೂಪ.

ನಮ್ಮ ಮಳೆಗಾಲದ ಮಾತು ಆಡದೆ ಬಿಡಲಾಗದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಹಾಳೆ ಗಾಳಿಯಿಂದಲೇ ನೀರು ಕುಡಿಯುತ್ತದೆ. 150 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕದ ಲೆಕ್ಕ) ಹಾಳೆಗೆ ಜಲವರ್ಣ ತಾಗಿಸಿದರೆ ಹಪ್ಪಳದಂತೆ ಏಳುತ್ತದೆ. 300 ಜಿಎಸ್‌ಎಂ ಬೇಕು, ಅದನ್ನೂ ಐದು ನಿಮಿಷ ನೆನೆಸಿ ಪ್ಲೈವುಡ್ ಹಲಗೆಗೆ ಅಂಟು ಕಾಗದದ ಪಟ್ಟಿಯಿಂದ ನಾಲ್ಕೂ ಕಡೆ ಬಿಗಿದು, ಪೂರ್ತಿ ಒಂದು ದಿನ ಒಣಗಲು ಬಿಡಬೇಕು. ಬೇಸಿಗೆಯಲ್ಲಿ ಎರಡು ಮೂರು ಗಂಟೆ ಸಾಕಾಗುವ ಕೆಲಸ. ಕೆಳಗಿನ ಲೇಪ ಒಣಗಿತು ಎಂದು ಕಣ್ಣಿಗೆ ಕಂಡರೂ ಬೆರಳ ಹಿಂಬದಿ ತಾಗಿಸಿ ನೋಡಿ. ತಣ್ಣಗಿದ್ದರೆ ಒಳಗೆ ಇನ್ನೂ ಪಸೆಯಿದೆ, ಮೇಲೆ ಶಾಯಿ ಎಳೆದರೆ ಜೇಡರ ಕಾಲಿನಂತೆ ಹರಡುತ್ತದೆ. ಮುಗಿದ ಚಿತ್ರಗಳನ್ನು ಗೋಡೆಗೆ ಒರಗಿಸಿ ಇಡಬೇಡಿ, ಒಲೆಯ ಮೇಲಿನ ಅಟ್ಟಕ್ಕೂ ಹಾಕಬೇಡಿ. ಅಟ್ಟದಲ್ಲಿ ಬೂಷ್ಟು ಬರುವುದಿಲ್ಲ ನಿಜ, ಹೊಗೆಯಿಂದ ಬಿಳಿ ಹಳದಿಯಾಗುತ್ತದೆ. ನಡುವೆ ಬಟರ್ ಪೇಪರ್ ಇಟ್ಟು ಕಬ್ಬಿಣದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮಲಗಿಸಿ. ಬಣ್ಣ ಬದಲಾಗುವ ಹರಳಿನವು ಒಳ್ಳೆಯವು, ಬಣ್ಣ ಬದಲಾದಾಗ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು.

ಕಾಫಿಯಲ್ಲೇ ಚಿತ್ರ ಬಿಡಿಸುವುದು ನಮ್ಮಲ್ಲಿ ರೂಢಿಯಾಗುತ್ತಿದೆ, ಬಾಸ್ಕೆಟ್‌ಬಾಲ್‌ಗೆ ಆ ಕಂದು ಚೆನ್ನಾಗಿ ಒಪ್ಪುತ್ತದೆ ಕೂಡ. ಚಿಕೋರಿ ಇಲ್ಲದ ಇನ್‌ಸ್ಟಂಟ್ ಪುಡಿ ಎರಡು ಚಮಚ, 30 ಮಿ.ಲೀ. ಬಿಸಿ ನೀರು. ಇದು ಕಡು ಬಣ್ಣ. ಇದರ ಒಂದು ಪಾಲಿಗೆ ಮೂರು ಪಾಲು ನೀರು ಸೇರಿಸಿದ್ದು ನಡು ಬಣ್ಣ, ಎಂಟು ಪಾಲು ಸೇರಿಸಿದ್ದು ತಿಳಿ. ತಿಳಿಯಿಂದ ಶುರು ಮಾಡಿ, ಲೇಪದ ಮೇಲೆ ಲೇಪ. ಒಮ್ಮೆಗೇ ದಪ್ಪ ಬಳಿದರೆ ಅದು ಹೊಳಪಾಗಿ, ಮಳೆಗಾಲವಿಡೀ ಅಂಟಂಟಾಗಿ ಉಳಿಯುತ್ತದೆ, ಮೇಲಿಟ್ಟ ಹಾಳೆಯನ್ನು ಕಚ್ಚಿಕೊಳ್ಳುತ್ತದೆ. ಸಕ್ಕರೆ ತಾಗಿದರೆ ಇರುವೆ. ಕಲಸಿದ್ದನ್ನು ಮರುದಿನಕ್ಕೆ ಇಡುವುದಾದರೆ ಒಂದು ಹನಿ ಲವಂಗದ ಎಣ್ಣೆ ಹಾಕಿ, ಆದರೂ ಮೂರು ದಿನಕ್ಕಿಂತ ಹೆಚ್ಚು ಬೇಡ. ಬಿಸಿಲು ಬೀಳುವ ಗೋಡೆಗೆ ಈ ಚಿತ್ರಗಳು ಒಗ್ಗುವುದಿಲ್ಲ, ಮಾಸುತ್ತವೆ.

ಕೊನೆಯದಾಗಿ ತಮ್ಮಲ್ಲಿ ಒಂದು ವಿನಂತಿ. ಕ್ರೀಡಾ ಪುಟದಲ್ಲಿ ವಾರಕ್ಕೊಮ್ಮೆ, ಎರಡು ಕಾಲಂ ಅಗಲದಲ್ಲಿ, ಓದುಗರು ಬಿಡಿಸಿದ ಒಂದು ಬಾಸ್ಕೆಟ್‌ಬಾಲ್ ಚಿತ್ರಕ್ಕೆ ಜಾಗ ಕೊಡಿ. ಜೊತೆಗೆ ಯಾವ ಆಟ, ಯಾವ ದಿನ, ಎಷ್ಟು ಸ್ಕೋರ್ ಎಂಬ ಎರಡು ಸಾಲು ಇರಲಿ. ತಾಲ್ಲೂಕು ಮಟ್ಟದ ಶಾಲಾ ಪಂದ್ಯಗಳ ಚಿತ್ರಗಳಿಗೆ ಮೊದಲ ಆದ್ಯತೆ ಇರಲಿ. ಆ ಆಟಗಳಿಗೆ ಫೋಟೋಗ್ರಾಫರ್ ಬರುವುದು ಅಪರೂಪ, ಚಿತ್ರವೇ ಅವುಗಳ ದಾಖಲೆ ಆಗಬಹುದು. ಕಳುಹಿಸುವವರು ಪತ್ರಿಕೆಯ ಕಾಗದದ ಗುಣ ತಿಳಿದು ಬಿಡಿಸಬೇಕು. ಈ ಕಾಗದ ಶಾಯಿ ಹೀರಿ ಚುಕ್ಕಿಗಳನ್ನು ಹರಡಿಸುತ್ತದೆ, ಅರ್ಧ ಬೂದು ಬಣ್ಣ ಮುದ್ರಣದಲ್ಲಿ ಮುಕ್ಕಾಲು ಕಪ್ಪಾಗಿ ಬರುತ್ತದೆ. ತೆಳು ಲೇಪಕ್ಕಿಂತ ಪೆನ್ನಿನ ಗೆರೆ ಲೇಸು. ಎ4 ಹಾಳೆಯಲ್ಲಿ ಬಿಡಿಸಿದ್ದು ಅರ್ಧಕ್ಕೆ ಕುಗ್ಗುವಾಗ 0.1 ಪೆನ್ನಿನ ಗೆರೆ ಕಾಣದಾಗುತ್ತದೆ, ಹೊರಗೆರೆಗೆ 0.8, ಒಳಗಿನದಕ್ಕೆ 0.5ಕ್ಕಿಂತ ಕಡಿಮೆ ಬೇಡ. ಮೊಬೈಲ್ ಫೋಟೋ ತೆಗೆದರೆ ಅಂಚು ಬಾಗುತ್ತದೆ, ಒಂದು ಮೂಲೆ ಕಪ್ಪಾಗುತ್ತದೆ. ಗೆರೆ ಚಿತ್ರವನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ ಕಳುಹಿಸಲಿ, ಬಣ್ಣದ್ದಾದರೆ 300 ಸಾಕು.

ಇತಿ,
ಒಬ್ಬ ಬಾಸ್ಕೆಟ್‌ಬಾಲ್ ಅಭಿಮಾನಿ
ಪೊನ್ನಂಪೇಟೆ, ದಕ್ಷಿಣ ಕೊಡಗು